ಸಂತೆ, ವರ್ತನೆ ಮತ್ತು ಕರಿ ಇಶಾಡ

ಮಾರುವವರಿಗೂ ಕೊಳ್ಳುವವರಿಗೂ ನಡುವೆ ಏರ್ಪಡುವ ಸಂಬಂಧವನ್ನು ಕನ್ನಡ ನುಡಿ ಎರಡು ಬೇರೆ ಬೇರೆ ಶಬ್ದಗಳಿಂದ ಗುರುತಿಸುತ್ತ ಬಂದಿದೆ. ಗೊತ್ತಾದ ದಿನ ನೆರೆಯುವ, ಯಾರು ಬೇಕಾದರೂ ಬಂದು ಬುಟ್ಟಿ ಇಳಿಸಬಹುದಾದ, ಜಾಗಕ್ಕೆ ಸುಂಕ ತೆತ್ತು ಸಂಜೆಗೆ ಎದ್ದು ಹೋಗಬೇಕಾದ ಸ್ಥಳ ಸಂತೆ. ಇಂಥ ಮನೆಗೆ ಇಂಥವರೇ ಹಾಲನ್ನೋ ಹೂವನ್ನೋ ತರಕಾರಿಯನ್ನೋ ಒದಗಿಸಿ, ಲೆಕ್ಕವನ್ನು ತಿಂಗಳ ಕೊನೆಗೆ ತೀರಿಸಿಕೊಳ್ಳುವ ಏರ್ಪಾಡು ವರ್ತನೆ. 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಹೋದ ಉತ್ತರ ಕನ್ನಡದಲ್ಲಿ, ಮರಾಠಿಯ ಒಡನಾಟದಿಂದಾಗಿ, ಈ ಎರಡನೆಯದಕ್ಕೆ ರತೀಬು ಎಂಬ ಹೆಸರೂ ಉಂಟು. ಸಂತೆಯಲ್ಲಿ ಸರಕಿಗೆ ಬೆಲೆ ಕಟ್ಟಲಾಗುತ್ತದೆ, ವರ್ತನೆಯಲ್ಲಿ ಸರಕು ತಂದವರ ಮುಖಕ್ಕೂ ಬೆಲೆಯಿರುತ್ತದೆ.

ಇಂದು ಆನ್‌ಲೈನ್ ಮಾರುಕಟ್ಟೆ ಎಂದು ಕರೆಯಲಾಗುವ ವ್ಯವಸ್ಥೆ, ಅಂದರೆ ಅನೇಕ ಮಾರಾಟಗಾರರು ಒಂದೇ ಜಾಲತಾಣದಲ್ಲಿ ತಮ್ಮ ಸರಕನ್ನು ಹರಡಿ ಪ್ರತಿ ಮಾರಾಟದ ಮೇಲೂ ಆ ತಾಣದ ಒಡೆಯರಿಗೆ ಕಮಿಷನ್ ಕೊಡುವ ಏರ್ಪಾಡು, ಸ್ವಭಾವದಲ್ಲಿ ಸಂತೆಯೇ ಆಗಿದೆ. 2007ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಪುಸ್ತಕದಂಗಡಿಯಾಗಿ ಆರಂಭವಾದ ಫ್ಲಿಪ್‌ಕಾರ್ಟ್ 2013ರಲ್ಲಿ ಅನ್ಯ ಮಾರಾಟಗಾರರಿಗೆ ತನ್ನ ಅಂಗಳವನ್ನು ತೆರೆಯಿತು. ಅದೇ ವರ್ಷ ಜೂನ್‌ನಲ್ಲಿ ಅಮೆಜಾನ್ ಭಾರತದ ತಾಣವೂ ಬಂದಿತು. ವಿದೇಶಿ ಬಂಡವಾಳವಿರುವ ಇಂಥ ತಾಣ ಮಧ್ಯಸ್ಥನಾಗಿ ಮಾತ್ರ ಇರಬೇಕು, ಸರಕಿನ ಒಡೆತನ ಹೊಂದುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ಈ ಸಂತೆಗೆ ಪ್ರತಿಯಾಗಿ ಮಾರಾಟಗಾರನೇ ಕಟ್ಟಿಕೊಳ್ಳುವ ಸ್ವಂತ ಜಾಲತಾಣಕ್ಕೆ ಮೂರು ಅಂಗಗಳು ಬೇಕು: ವರ್ಷವರ್ಷವೂ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕಾದ ವಿಳಾಸ, ಅಂದರೆ ಡೊಮೇನ್, ಪುಟಗಳನ್ನೂ ಚಿತ್ರಗಳನ್ನೂ ಇರಿಸಲು ಬಾಡಿಗೆಗೆ ಪಡೆಯುವ ಕಂಪ್ಯೂಟರಿನ ಜಾಗ, ಅಂದರೆ ಹೋಸ್ಟಿಂಗ್, ಕೊಂಡವರ ಹಣವನ್ನು ಬ್ಯಾಂಕಿನ ಖಾತೆಗೆ ದಾಟಿಸುವ ಮಧ್ಯವರ್ತಿ ಸೇವೆ, ಅಂದರೆ ಪೇಮೆಂಟ್ ಗೇಟ್‌ವೇ. ಇದು ವರ್ತನೆಯ ಕಡೆಗೆ ವಾಲುವಂಥದು. ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆ ಅಂಕೋಲಾ ತಾಲೂಕಿನ ಒಂದು ಸಣ್ಣ ಮಾವಿನ ತೋಟದ ಮನೆಗೆ 2020ರಿಂದ 2024ರವರೆಗೆ ಎದುರಾದ ಬಗೆಯನ್ನು ಇಲ್ಲಿ ನೆನಪಿಸಿಕೊಳ್ಳಲಾಗಿದೆ. ಆ ಮನೆ ಈ ಲೇಖಕನದೇ ಆದುದರಿಂದ, ತೀರ್ಮಾನದಲ್ಲಿ ಪಕ್ಷಪಾತ ನುಸುಳಿರಬಹುದೆಂಬ ಎಚ್ಚರ ಓದುಗರಿಗೆ ಇರುವುದು ಒಳ್ಳೆಯದು.

ಅಂಕೋಲೆಯ ನೆಲಕ್ಕೆ ಈ ಪ್ರಶ್ನೆ ಹೊಸದೇನಲ್ಲ. ತಾಲೂಕಿನ ಹಾಲಕ್ಕಿ ಒಕ್ಕಲಿಗ ಹೆಂಗಸರು ಬಸಳೆ, ಹರಿವೆ, ಬೆಂಡೆ, ಗೆಣಸುಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಪೇಟೆಗೆ ಬಂದು ಕೂರುವುದು ಕಾರವಾರದಲ್ಲೂ ಅಂಕೋಲೆಯಲ್ಲೂ ಇಂದಿಗೂ ಕಾಣುವ ದೃಶ್ಯವಾಗಿದ್ದು, ಅವರ ವ್ಯಾಪಾರವನ್ನು ಹತ್ತಿರದಿಂದ ನೋಡಿದವರಿಗೆ ಅದರ ಒಳಗಿನ ವಿವೇಕ ಅರ್ಥವಾಗುತ್ತದೆ. ಬುಟ್ಟಿಯಲ್ಲಿರುವ ಎಲ್ಲವೂ ಸಂತೆಗಲ್ಲ. ದಾರಿಯಲ್ಲಿ ನಾಲ್ಕಾರು ಗೊತ್ತಿನ ಮನೆಗಳಿಗೆ ಕೊಟ್ಟು, ಉಳಿದದ್ದನ್ನು ಮಾತ್ರ ರಸ್ತೆಯ ಬದಿಗೆ ಹರಡುವುದು ಅವರ ವಾಡಿಕೆ. ಮಳೆಗಾಲದಲ್ಲಿ ಸಂತೆಗೆ ಜನ ಬಾರದ ದಿನವೂ ಆ ನಾಲ್ಕಾರು ಮನೆಗಳ ಬಾಗಿಲು ತೆರೆದೇ ಇರುತ್ತದೆ. ಇನ್ನೂ ಹಿಂದಕ್ಕೆ ಹೋದರೆ, 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿಯ ಸಂಘ ಕಾರವಾರದಲ್ಲಿ ಕೋಠಿ ತೆರೆದದ್ದೂ, ಘಟ್ಟದ ಮೇಲಿನ ಮೆಣಸನ್ನು ಬೇರೆಯವರ ಬಂದರಿನಲ್ಲಿ ಕೊಳ್ಳುವುದಕ್ಕಿಂತ ಅದು ಇಳಿದು ಬರುವ ದಾರಿಯ ಬಾಯಲ್ಲೇ ಕೂತು ಕೊಳ್ಳುವುದು ಲಾಭವೆಂಬ ಲೆಕ್ಕದಿಂದಲೇ. ಸ್ವಂತ ಅಂಗಡಿಯ ಆಸೆ ಇಲ್ಲಿ ಕೊಳ್ಳುವವರದಾಗಿತ್ತು ಎಂಬುದಷ್ಟೇ ವ್ಯತ್ಯಾಸ.

ಪ್ರಶ್ನೆಯ ನಡುವೆ ಇರುವ ಹಣ್ಣಿನ ಗುಣವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಇಶಾಡ ಎಂಬ ಮಾವಿನಲ್ಲಿ ಕರಿ ಮತ್ತು ಬಿಳಿ ಎಂಬ ಎರಡು ಬಗೆಗಳಿದ್ದು, ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿ ಮತ್ತು ಪರಿಮಳ ಗಾಢ. ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳೂ ಸಿಹಿಯೂ ಕಡಿಮೆ. ಕರಿ ಇಶಾಡ ಹೆಚ್ಚಾಗಿ ಮೇ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಮಳೆ ಹಿಡಿಯುವ ಮುಂಚೆ ಮುಗಿದುಹೋಗುತ್ತದೆ, ಮತ್ತು ತೆಳು ಸಿಪ್ಪೆಯ ಕಾರಣ ಹಣ್ಣಾದ ಮೇಲೆ ಬಹಳ ದಿನ ತಡೆಯುವುದಿಲ್ಲ. ಆಪುಸಿನ ಹಾಗೆ ದೂರದ ಪಯಣವನ್ನು ಸಹಿಸುವ ಹಣ್ಣು ಇದಲ್ಲವಾದ್ದರಿಂದಲೇ, ಇಷ್ಟು ರುಚಿಯಿದ್ದೂ ಇದರ ಹೆಸರು ಬಹುಕಾಲ ಕರಾವಳಿಯ ಕೆಲವೇ ತಾಲೂಕುಗಳ ಆಚೆ ದಾಟಲಿಲ್ಲ. ಹೆಚ್ಚಾದ ಹಣ್ಣನ್ನು ರಸ ತೆಗೆದು, ಸಕ್ಕರೆ ಹಾಕಿ ಕಾಯಿಸಿ ಇಡುವುದು ಅಥವಾ ಬಿಸಿಲಿಗೆ ಹರಡಿ ಮಾವಿನ ಹಣ್ಣಿನ ಹಪ್ಪಳ ಮಾಡುವುದು ಮನೆಮನೆಯ ಕೆಲಸವಾಗಿತ್ತು.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ತೋಟದಲ್ಲಿ ಕಾಯಿ ಬಲಿಯುತ್ತಿತ್ತು. ವರ್ಷವೂ ಮರವನ್ನೇ ಗುತ್ತಿಗೆಗೆ ಹಿಡಿಯುತ್ತಿದ್ದ ವ್ಯಾಪಾರಿಗಳು ಬರಲಿಲ್ಲ, ಹೆದ್ದಾರಿಯ ಬದಿಯಲ್ಲಿ ರಾಶಿ ಹಾಕಿ ಮಾರುವ ದಾರಿಯೂ ಮುಚ್ಚಿತ್ತು. ಆಗ ಈ ಮನೆಯವರು ಮಾಡಿದ್ದು ಬಹಳ ಸರಳವಾದ ಕೆಲಸ: ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿದ್ದ ನೆಂಟರಿಗೆ, ಅವರ ನೆರೆಯವರಿಗೆ, ಹಳೆಯ ಸಹಪಾಠಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಹಣ್ಣಿನ ಚಿತ್ರ ಕಳಿಸಿ, ಬೇಕೆಂದವರ ಹೆಸರು, ವಿಳಾಸ, ಎಷ್ಟು ಡಜನ್ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಸರಕು ಸಾಗಣೆಗೆ ಅನುಮತಿಯಿದ್ದ ವಾಹನಗಳಲ್ಲಿ ಜಾಗ ಹುಡುಕಿ ಪೆಟ್ಟಿಗೆಗಳನ್ನು ಕಳಿಸಲಾಯಿತು. ಕೆಲವು ಪೆಟ್ಟಿಗೆ ದಾರಿಯಲ್ಲೇ ಕೊಳೆತವು. ಆ ಹಣವನ್ನು ಮರಳಿಸಲಾಯಿತು. ಆ ವರ್ಷದ ಲಾಭ ಹೇಳಿಕೊಳ್ಳುವಷ್ಟಿರಲಿಲ್ಲ, ಆದರೆ ಆ ನೋಟ್‌ಬುಕ್ ಉಳಿಯಿತು, ಮತ್ತು ಮುಂದಿನ ಎಲ್ಲ ಮಾತಿಗೂ ಅದೇ ಮೂಲವಾಯಿತು.

ಮರುವರ್ಷ, ಕೆಡದ ಸರಕುಗಳನ್ನು ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಏರಿಸುವ ಯೋಚನೆ ಬಂದಿತು. ಮುರುಗಲು ಸಿಪ್ಪೆ, ಹಣ್ಣಿನ ಹಪ್ಪಳ, ಬಾಟಲಿಯಲ್ಲಿ ತುಂಬಿದ ಇಶಾಡದ ರಸ, ಇವು ಮೂರು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಜಿಎಸ್‌ಟಿ ಸಂಖ್ಯೆ, ಬ್ಯಾಂಕಿನ ಖಾತೆ, ಬಿಳಿಯ ಹಿನ್ನೆಲೆಯ ಚಿತ್ರಗಳು, ಎಲ್ಲವೂ ಸಿದ್ಧವಾಗಲು ವಾರಗಳೇ ಹಿಡಿದವು. ತಾಣದ ಶಕ್ತಿ ಮೊದಲ ತಿಂಗಳಲ್ಲೇ ಕಂಡಿತೆಂಬುದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. ಅಂಕೋಲೆಯ ಹೆಸರನ್ನು ಎಂದೂ ಕೇಳಿರದ ಊರುಗಳಿಂದ ಬೇಡಿಕೆ ಬಂದಿತು. ಅಪರಿಚಿತ ಮನೆಯೊಂದರ ಸರಕನ್ನು ಅಪರಿಚಿತನೊಬ್ಬ ಹಣ ಕೊಟ್ಟು ಕೊಳ್ಳುವ ಧೈರ್ಯ ಮಾಡುವುದು ಆ ತಾಣದ ಮೇಲಿನ ನಂಬಿಕೆಯಿಂದ, ಸರಕು ಸರಿಯಿಲ್ಲದಿದ್ದರೆ ಹಣ ಮರಳುತ್ತದೆಂಬ ಭರವಸೆಯಿಂದ. ಆ ನಂಬಿಕೆಯನ್ನು ಕಟ್ಟಲು ಸಣ್ಣ ಮನೆಯೊಂದಕ್ಕೆ ಒಂದು ತಲೆಮಾರೇ ಬೇಕಾದೀತು.

ಬೇಡಿಕೆ ಬಂದದ್ದು ಯಾವ ಶಬ್ದದ ಮೂಲಕ ಎಂಬುದೂ ಕಲಿಸುವಂಥ ವಿಷಯವೇ. ಅಂಕೋಲೆ, ಕುಮಟೆಗಳಲ್ಲಿ ಮುರುಗಲು ಎನ್ನುವುದನ್ನು ಮಂಗಳೂರಿನ ಕಡೆ ಪುನರ್ಪುಳಿ ಎನ್ನುತ್ತಾರೆ, ಕೊಂಕಣಿಯಲ್ಲಿ ಒಣಸಿಪ್ಪೆಗೆ ಸೋಲ್ ಎಂದೂ ಮರಾಠಿಯಲ್ಲಿ ಆಮ್ಸೂಲ್ ಎಂದೂ ಹೆಸರು, ಮಾರುಕಟ್ಟೆಯಲ್ಲಿ ಎಲ್ಲವೂ ಕೋಕಂ. ತಾಣದ ಹುಡುಕುಪೆಟ್ಟಿಗೆಯಲ್ಲಿ ಕೋಕಂ ಎಂದು ಬರೆದವರಿಗೆ ಈ ಮನೆಯ ಸರಕು ನೂರಾರು ಪೊಟ್ಟಣಗಳ ನಡುವೆ ಒಂದಾಗಿ ಕಾಣುತ್ತಿತ್ತು, ಮುಂದಿನ ಸಾಲಿಗೆ ಬರಬೇಕಾದರೆ ಜಾಹೀರಾತಿಗೆ ಬೇರೆ ಹಣ ಕಟ್ಟಬೇಕಿತ್ತು. ಮುರುಗಲು ಎಂದೇ ಹುಡುಕುವವರು ಬೆರಳೆಣಿಕೆಯಷ್ಟು, ಆದರೆ ಅವರು ಊರಿನ ನೆನಪಿನಿಂದ ಹುಡುಕುವವರು. ಒಮ್ಮೆ ಸಿಕ್ಕರೆ ಬಿಡುವವರಲ್ಲ. ಸಂತೆ ಮೊದಲಿನವರಿಗಾಗಿ ರೂಪುಗೊಂಡಿದೆ, ಎರಡನೆಯವರಿಗಾಗಿ ಅಲ್ಲ.

ಖರ್ಚಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಇಲ್ಲಿನ ಅಂಕಿಗಳು ತಿಳಿಯಲು ಸುಲಭವಾಗಲೆಂದು ಹಿಡಿದವು, ತಾಣದಿಂದ ತಾಣಕ್ಕೆ, ಸರಕಿನಿಂದ ಸರಕಿಗೆ ಅವು ಬದಲಾಗುತ್ತವೆ. 200 ರೂಪಾಯಿಯ ಒಂದು ಪೊಟ್ಟಣಕ್ಕೆ ಕಮಿಷನ್ 20, ಪ್ರತಿ ಬೇಡಿಕೆಗೆ ವಿಧಿಸುವ ನಿಗದಿತ ಶುಲ್ಕ 20, ತೂಕಕ್ಕೆ ತಕ್ಕ ಸಾಗಣೆ ಶುಲ್ಕ 60 ಎಂದಿಟ್ಟುಕೊಂಡರೆ ನೂರು ರೂಪಾಯಿ ಅಲ್ಲಿಗೇ ಹೋಯಿತು; ಆ ಸೇವೆಗಳ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 118. ಉಳಿದ 82ರಲ್ಲಿ ಸಿಪ್ಪೆಯ ಬೆಲೆ, ಒಣಗಿಸುವ ಕೂಲಿ, ಪೊಟ್ಟಣ, ಎಲ್ಲವೂ ತೀರಬೇಕು. ಹಗುರವಾದ, ಬೆಲೆಬಾಳುವ ಸರಕಿಗೆ ಈ ಲೆಕ್ಕ ಹೊಂದುತ್ತದೆ, ಏಲಕ್ಕಿಯಂಥದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಭಾರವಾದ ರಸದ ಬಾಟಲಿಗೆ ಹೊಂದುವುದೇ ಇಲ್ಲ. ಬಾಟಲಿ ಒಡೆದು ಮರಳಿ ಬಂದಾಗ ಎರಡು ಕಡೆಯ ಸಾಗಣೆಯೂ ಮನೆಯ ಮೇಲೇ ಬಿದ್ದದ್ದುಂಟು.

ಆದರೆ ಕೊನೆಗೆ ಮನಸ್ಸನ್ನು ಕಲಕಿದ್ದು ಶುಲ್ಕವಲ್ಲ, ಕೊಂಡವರು ಯಾರೆಂದು ತಿಳಿಯದಿದ್ದದ್ದು. ತಾಣ ಗ್ರಾಹಕರ ದೂರವಾಣಿ ಸಂಖ್ಯೆಯನ್ನು ಮರೆಮಾಡುತ್ತದೆ, ಅವರನ್ನು ತಾಣದ ಹೊರಗಿನ ವ್ಯವಹಾರಕ್ಕೆ ಕರೆಯುವುದನ್ನು ನಿಷೇಧಿಸುತ್ತದೆ. ಮಾರಾಟಗಾರರ ದೃಷ್ಟಿಯಿಂದ ಇದು ಕಠಿಣವಾದರೂ ಗ್ರಾಹಕರ ಖಾಸಗಿತನದ ದೃಷ್ಟಿಯಿಂದ ತಪ್ಪೆನ್ನಲಾಗದು. ಫಲಿತಾಂಶ ಮಾತ್ರ ಇದು: ವರ್ಷವಿಡೀ ಮಾರಿದ ಮೇಲೂ ಮನೆಯ ನೋಟ್‌ಬುಕ್ಕಿಗೆ ಒಂದು ಹೆಸರೂ ಸೇರಲಿಲ್ಲ. 2020ರಲ್ಲಿ ಕೊಳೆತ ಹಣ್ಣು ಪಡೆದವರು ಕೂಡ ಮರುವರ್ಷ ತಾವಾಗಿ ಫೋನು ಮಾಡಿ ಈ ಸಲ ಎಂದು ಕೊಯ್ಯುತ್ತೀರಿ ಎಂದು ಕೇಳಿದ್ದರು. ಮಾರುಕಟ್ಟೆಯಲ್ಲಿ ಐದು ನಕ್ಷತ್ರ ಕೊಟ್ಟು ಹೋದವರು ಮತ್ತೆ ಕಾಣಿಸಿದರೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ.

ಹೀಗಾಗಿ 2022ರ ಬೇಸಿಗೆಗೆ ಮುಂಚೆ ಸ್ವಂತ ಜಾಲತಾಣ ತಯಾರಾಯಿತು. ಬಿಡಿಬಿಡಿಯಾಗಿ ಸಿಗುವ ಸಿದ್ಧ ತಂತ್ರಾಂಶಗಳಿಂದಾಗಿ ಅಂಗಡಿಯ ಪುಟ ಕಟ್ಟುವುದು ಇಂದು ಕಷ್ಟವಲ್ಲ. ಕಷ್ಟವಿರುವುದು ಅಲ್ಲಿಗೆ ಜನರನ್ನು ಕರೆತರುವುದರಲ್ಲಿ. ಮೊದಲ ಎರಡು ತಿಂಗಳು ಆ ತಾಣ ಕಾಳಿ ನದಿಯ ದಂಡೆಯ ಮೇಲೆ ಒಂಟಿಯಾಗಿ ಹಾಕಿದ ಅಂಗಡಿಯ ಹಾಗಿತ್ತು, ಹಾದುಹೋಗುವ ದೋಣಿಯೇ ಇರಲಿಲ್ಲ. ಬಂದವರೆಲ್ಲ ನೋಟ್‌ಬುಕ್ಕಿನಲ್ಲಿದ್ದವರು, ಅವರಿಗೆ ಕಳಿಸಿದ ಕೊಂಡಿಯನ್ನು ಒತ್ತಿ ಬಂದವರು. ಪೇಮೆಂಟ್ ಗೇಟ್‌ವೇ ಸುಮಾರು ಶೇ. 2ರಷ್ಟನ್ನು ಮಾತ್ರ ಹಿಡಿದುಕೊಂಡರೂ, ಸಾಗಣೆಯ ದರದಲ್ಲಿ ದೊಡ್ಡ ತಾಣಗಳಿಗೆ ಸಿಗುವ ರಿಯಾಯಿತಿ ಒಂಟಿ ಮನೆಗೆ ಸಿಗುವುದಿಲ್ಲ. ಒಣ ಸರಕಿಗೆ ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ಗತಿಯಾಯಿತು. ಹಣ್ಣಿಗೆ ಮಾತ್ರ ಬೇರೆಯದೇ ದಾರಿ ಹೊಳೆಯಿತು. ಸಂಜೆ ಅಂಕೋಲೆ ಬಿಟ್ಟು ಬೆಳಗಾಗುವುದರೊಳಗೆ ಬೆಂಗಳೂರು ಸೇರುವ ರಾತ್ರಿ ಬಸ್ಸುಗಳಲ್ಲಿ ಪೆಟ್ಟಿಗೆ ಹಾಕಿ, ಒಂದು ಬಡಾವಣೆಯ ಹತ್ತು ಮನೆಗಳವರು ಒಟ್ಟಾಗಿ ಬಂದು ಇಳಿಸಿಕೊಳ್ಳುವ ಏರ್ಪಾಡದು. ಯಾವ ದಿನ ಯಾವ ಮರ ಕೊಯ್ಯಲಾಗುತ್ತದೆ, ಹಣ್ಣು ತಲುಪಿದ ಮೇಲೆ ಎಷ್ಟು ದಿನ ಹುಲ್ಲಿನಲ್ಲಿ ಇಡಬೇಕು, ಕರಿ ಇಶಾಡಕ್ಕೂ ಬಿಳಿಯದಕ್ಕೂ ವ್ಯತ್ಯಾಸವೇನು ಎಂಬುದನ್ನೆಲ್ಲ ಸ್ವಂತ ಪುಟದಲ್ಲಿ ಕನ್ನಡದಲ್ಲೇ ವಿವರವಾಗಿ ಬರೆಯಲು ಸಾಧ್ಯವಾಯಿತು. ಹಣ್ಣನ್ನು ಕೊಯ್ಯುವ ಮುಂಚೆಯೇ ಬೇಡಿಕೆ ಪಡೆದು, ಬೇಡಿಕೆಯಿದ್ದಷ್ಟೇ ಕೊಯ್ಯುವುದು ಇದರಿಂದ ರೂಢಿಯಾಯಿತು. ಐದಾರು ದಿನದ ಆಯುಷ್ಯವಿರುವ ಹಣ್ಣಿಗೆ ಇದಕ್ಕಿಂತ ಒಪ್ಪುವ ವ್ಯಾಪಾರ ಪದ್ಧತಿ ಈ ಲೇಖಕನಿಗೆ ಕಂಡಿಲ್ಲ.

ಸ್ವಂತದ್ದೆಂದರೆ ಹೊಣೆಯೂ ಸ್ವಂತದ್ದೇ. 2023ರ ಮೇ ತಿಂಗಳಲ್ಲಿ, ಬೇಡಿಕೆಯ ನಡುವೆಯೇ, ತಾಣ ಮೂರು ದಿನ ಕಣ್ಮರೆಯಾಯಿತು. ಡೊಮೇನಿನ ವಾರ್ಷಿಕ ಶುಲ್ಕ ಕಟ್ಟಲು ಮರೆತದ್ದೇ ಕಾರಣ. ನೆನಪೋಲೆಗಳು ಯಾರೂ ತೆರೆದು ನೋಡದ ಇಮೇಲ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ದೊಡ್ಡ ಮಾರುಕಟ್ಟೆಯಲ್ಲಿ ಇಂಥದು ನಡೆಯುವುದಿಲ್ಲ, ಅದರ ಬಾಗಿಲು ಕಾಯಲು ಸಾವಿರಾರು ಜನರಿದ್ದಾರೆ. ಸ್ವಂತ ತಾಣ ಕಟ್ಟುವವರು ಆ ಶುಲ್ಕವನ್ನು ಕೆಲವು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡುವುದು ಕ್ಷೇಮ.

ತೆರಿಗೆಯ ವಿಷಯದಲ್ಲಿ ಕಾರವಾರಕ್ಕೆ ಒಂದು ವಿಶೇಷ ತೊಡಕಿದೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಮಾತ್ರ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಾಗಿತ್ತು, 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ಇದರಿಂದ ವಿನಾಯಿತಿ ದೊರೆಯಿತು. ಆದರೆ ಆ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ತೆರಿಗೆಗೊಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಕಳಿಸುವವರು, ಸ್ವಂತ ತಾಣದಿಂದ ಕಳಿಸಿದರೂ, ನೋಂದಣಿ ಮಾಡಿಸಲೇಬೇಕು. ಬೀದರಿನವರೆಗೆ ನೋಂದಣಿಯಿಲ್ಲದೆ ಕಳಿಸಬಹುದಾದ ಹಪ್ಪಳದ ಪೊಟ್ಟಣವನ್ನು, ಮಾಜಾಳಿಯ ಗಡಿ ದಾಟಿದೊಡನೆ ಸಿಗುವ ಗೋವಾದ ಕಾಣಕೋಣಕ್ಕೆ ಕಳಿಸಲು ಬರುವುದಿಲ್ಲ. ಕಾರವಾರದ ಜನರ ನೆಂಟಸ್ತಿಕೆಯೂ ಕೊಳುಕೊಡೆಯೂ ಗೋವಾದೊಂದಿಗೆ ಹೆಣೆದುಕೊಂಡಿರುವಾಗ, ಈ ನಿಯಮ ಗಡಿಯ ಸಣ್ಣ ಮಾರಾಟಗಾರರಿಗೆ ನಿಜವಾದ ಅಡ್ಡಿಯಾಗಿದೆ. ತಾಜಾ ಮಾವಿನ ಹಣ್ಣಿಗೆ ಜಿಎಸ್‌ಟಿಯೇ ಇಲ್ಲದ್ದರಿಂದ ಹಣ್ಣಿನ ಮಟ್ಟಿಗೆ ಈ ತೊಂದರೆಯಿಲ್ಲ.

2023ರಲ್ಲಿಯೇ ಅಂಕೋಲೆಯ ಕರಿ ಇಶಾಡಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಒಂದು ಪ್ರದೇಶದ ಮಣ್ಣು, ಹವೆ, ಪರಂಪರೆಗಳಿಂದಲೇ ಬರುವ ಗುಣವುಳ್ಳ ಸರಕಿನ ಹೆಸರನ್ನು ಆ ಪ್ರದೇಶದವರು ಮಾತ್ರ ಬಳಸುವಂತೆ ಕಾಯುವ ಈ ಕಾನೂನು 1999ರಲ್ಲಿ ರೂಪುಗೊಂಡು 2003ರಿಂದ ಜಾರಿಯಲ್ಲಿದೆ. ಈ ಮಾನ್ಯತೆ ಹೆಸರನ್ನು ಕಾಯುತ್ತದೆ, ಹಣ್ಣನ್ನು ಮನೆಗೆ ತಲುಪಿಸುವುದಿಲ್ಲ ಎಂಬುದನ್ನು ಆ ಸಂಭ್ರಮದಲ್ಲಿ ಹೆಚ್ಚಿನವರು ಮರೆತರು. ಸಂತೆಯ ರಾಶಿಯಲ್ಲಿ ಹೆಸರಿನ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಲ್ಲರು, ಪ್ರತಿಯೊಂದನ್ನೂ ಬೆನ್ನಟ್ಟಿ ದೂರು ಕೊಡುವುದು ಸಣ್ಣ ಬೆಳೆಗಾರರಿಂದ ಆಗುವ ಕೆಲಸವಲ್ಲ. ತೋಟದ ಹೆಸರಿನಿಂದಲೇ ಕೊಳ್ಳುವ ಗ್ರಾಹಕರಿಗೆ ಆ ಗೊಂದಲವೇ ಇಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಹಲವರ ಪ್ರಾಣ ಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ಸಾವುನೋವಿನ ಮುಂದೆ ವ್ಯಾಪಾರದ ಮಾತು ಕ್ಷುಲ್ಲಕವೇ. ಆದರೂ ಈ ಬರಹದ ಪ್ರಶ್ನೆಗೆ ಆ ದಿನಗಳು ಒಂದು ಉತ್ತರ ಕೊಟ್ಟವೆಂಬುದನ್ನು ಬಿಡಲಾಗದು. ಆ ದಿನಗಳಲ್ಲಿ ಕಳಿಸಬೇಕಾಗಿದ್ದ ಮುರುಗಲಿನ ಪೊಟ್ಟಣಗಳು ಮನೆಯಲ್ಲೇ ಉಳಿದವು. ಮಾರುಕಟ್ಟೆಯ ಮೂಲಕ ಬಂದ ಬೇಡಿಕೆಗಳು ತಡವಾದವೆಂದು ತಾನಾಗಿಯೇ ರದ್ದಾದವು, ಮಾರಾಟಗಾರರ ಅಂಕ ಇಳಿಯಿತು, ಕಾರಣ ವಿವರಿಸಲು ಅಲ್ಲಿ ಮನುಷ್ಯರು ಸಿಗಲಿಲ್ಲ. ಸ್ವಂತ ತಾಣದಲ್ಲಿ ಕೊಂಡವರಿಗೆ ಫೋನು ಮಾಡಿದಾಗ, ಅವರು ಮೊದಲು ಕೇಳಿದ್ದು ಮನೆಯವರೆಲ್ಲ ಕ್ಷೇಮವೇ ಎಂದು; ಪೊಟ್ಟಣದ ಮಾತು ಆಮೇಲೆ ಬಂತು, ಒಬ್ಬರೂ ಹಣ ಮರಳಿ ಕೇಳಲಿಲ್ಲ. ಅಂದು ಈ ಮನೆ ತನ್ನ ಆಯ್ಕೆಯನ್ನು ಖಚಿತಪಡಿಸಿಕೊಂಡಿತು: ಸಿಪ್ಪೆ, ಹಪ್ಪಳಗಳ ಒಂದು ಪಾಲು ಮಾರುಕಟ್ಟೆಯಲ್ಲಿ ಇರಲಿ, ಹೊಸಬರಿಗೆ ಹೆಸರು ತಿಳಿಯಲು ಅದು ಬೇಕು, ಇಶಾಡದ ಹಣ್ಣೂ ರಸವೂ ಸ್ವಂತ ತಾಣದಲ್ಲಿ ಮಾತ್ರ.

ಒಂದೊಂದು ಮನೆಯೂ ಒಂದೊಂದು ತಾಣ ಕಟ್ಟಬೇಕೆಂಬುದು ಇದರ ಅರ್ಥವಲ್ಲ. ಘಟ್ಟದ ಮೇಲೆ ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲೇ ತೋಟಗಾರ್ಸ್ ಸಹಕಾರ ಮಾರಾಟ ಸಂಘವನ್ನು ಕಟ್ಟಿ, ಒಂಟಿ ತೋಟ ಮತ್ತು ಪರರ ಮಂಡಿ ಎಂಬ ಎರಡರ ನಡುವೆ ಮೂರನೆಯ ದಾರಿಯೊಂದಿದೆಯೆಂದು ತೋರಿಸಿದರು. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಕರ್ಸಿರಿ ಎಂಬ ಜಾಲತಾಣದ ಮೂಲಕ, ಅಂಚೆ ಇಲಾಖೆಯ ನೆರವಿನಿಂದ, 2019ರಿಂದ ಬೆಂಗಳೂರಿನ ಮನೆಬಾಗಿಲಿಗೆ ರೈತರ ಹಣ್ಣು ತಲುಪಿಸುತ್ತಿದೆ. 2021ರ ಕೊನೆಯಲ್ಲಿ ರೂಪುಗೊಂಡ ಒಎನ್‌ಡಿಸಿ ಎಂಬ ಮುಕ್ತ ಜಾಲ, ಕೊಳ್ಳುವವರ ಆ್ಯಪ್ ಮತ್ತು ಮಾರುವವರ ಆ್ಯಪ್ ಬೇರೆ ಬೇರೆಯಾಗಿದ್ದರೂ ವ್ಯವಹಾರ ನಡೆಯುವಂತೆ ಮಾಡುತ್ತದೆ. ಇವೆಲ್ಲ ಉಪಯುಕ್ತ ಸಾಧನಗಳೇ, ಆದರೆ ಕೊಂಡವರ ಹೆಸರಿನ ಪುಸ್ತಕ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಯನ್ನು ಪ್ರತಿಯೊಂದಕ್ಕೂ ಕೇಳಬೇಕಾಗುತ್ತದೆ.

ಅಂಕೋಲೆಯ ಇಶಾಡ ಬೆಳೆಗಾರರಲ್ಲಿ ಈ ಲೇಖಕನ ವಿನಂತಿ ಇಷ್ಟು: ಮುಂದಿನ ಮೇ ತಿಂಗಳಿಗೆ ಮುಂಚೆ ಎಲ್ಲರೂ ಸೇರಿ ಒಂದೇ ಸಾಮೂಹಿಕ ಜಾಲತಾಣ ಕಟ್ಟೋಣ, ತೋಟಗಳ ಹೆಸರು ಅದರಲ್ಲಿ ಬೇರೆ ಬೇರೆಯಾಗಿ ಕಾಣಲಿ, ರಾತ್ರಿ ಬಸ್ಸಿನ ಪೆಟ್ಟಿಗೆಗಳು ಒಟ್ಟಾಗಿ ಹೋಗಲಿ, ವಿಳಾಸದ ಪುಸ್ತಕ ಬೆಳೆಗಾರರ ಕೈಯಲ್ಲೇ ಉಳಿಯಲಿ. ಈ ಮನೆಯ ನೋಟ್‌ಬುಕ್ಕನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು, ಆ ಕೆಲಸಕ್ಕೆ ಕೊಡಲಾಗುವುದು.